ಮಹಾಜ್ಞಾನಿ ಇಮಾಮ್ ಗಜಾಲಿ

ಮಧ್ಯಯುಗದ ಇಸ್ಲಾಮೀ ಜಗತ್ತಿನಲ್ಲಿ ಆಗಿಹೋದ ಮಹಾಪಂಡಿತರಲ್ಲಿ ಇಮಾಮ್ ಗಜಾಲಿಯವರ ಹೆಸರು ಮೊದಲ ಸಾಲಿನಲ್ಲಿದೆ. ಧರ್ಮಶಾಸ್ತ್ರ, ತರ್ಕ, ತತ್ತ್ವಜ್ಞಾನ, ಸೂಫಿ ಸಾಧನೆ ಈ ನಾಲ್ಕರಲ್ಲಿಯೂ ಅವರದು ಎತ್ತಿದ ಕೈ. ಅವರು ಬದುಕಿದ್ದುದು ಸುಮಾರು ಐವತ್ತಮೂರು ವರ್ಷ ಮಾತ್ರ. ಅಷ್ಟರಲ್ಲಿಯೇ ಅವರು ಬರೆದ ಗ್ರಂಥಗಳನ್ನು ಒಂಬತ್ತು ನೂರು ವರ್ಷಗಳಿಂದ ಜನ ಓದುತ್ತಲೇ ಬಂದಿದ್ದಾರೆ. ಆ ಎಲ್ಲ ಗ್ರಂಥಗಳ ವಿಚಾರವನ್ನು ಇಲ್ಲಿ ಹೇಳುವುದು ಸಾಧ್ಯವಿಲ್ಲ. ದೇವರ ಕೈ, ದೇವರ ಮುಖ, ದೇವರ ಸಿಂಹಾಸನ ಎಂಬ ಮಾತುಗಳನ್ನು ಹೇಗೆ ತಿಳಿದುಕೊಳ್ಳಬೇಕೆಂಬ ಪ್ರಶ್ನೆಗಾಗಿ ಅವರ ಕಾಲದಲ್ಲಿ ಜನರು ಬೀದಿಯಲ್ಲಿ ಹೊಡೆದಾಡಿ ಸತ್ತದ್ದುಂಟು. ಆ ಜಗಳದ ನಡುವೆಯೇ ಗಜಾಲಿಯವರು ಬೆಳೆದರು. ಸಾಯುವ ಕೆಲವೇ ದಿನಗಳ ಮೊದಲು ಅವರು ಬರೆದು ಮುಗಿಸಿದ ಪುಸ್ತಕವೂ ಅದೇ ಪ್ರಶ್ನೆಯನ್ನು ಕುರಿತದ್ದು. ಆದ್ದರಿಂದ ಅವರ ಜೀವನವನ್ನು ಆ ದಾರಿಯಿಂದಲೇ ನೋಡೋಣ.

ಅವರ ಪೂರ್ಣ ಹೆಸರು ಅಬೂ ಹಾಮಿದ್ ಮುಹಮ್ಮದ್ ಅಲ್ ಗಜಾಲಿ. ಕ್ರಿ. ಶ. 1058ರ ಸುಮಾರಿಗೆ ಖುರಾಸಾನ್ ಪ್ರಾಂತದ ತೂಸ್ ಎಂಬಲ್ಲಿ ಹುಟ್ಟಿದರು. ಈ ಸ್ಥಳ ಈಗಿನ ಇರಾನ್ ದೇಶದ ಈಶಾನ್ಯ ಭಾಗದಲ್ಲಿ, ಮಶ್‌ಹದ್ ನಗರದ ಹತ್ತಿರ ಇದೆ. ಶಾಹನಾಮೆ ಬರೆದ ಮಹಾಕವಿ ಫಿರ್ದೌಸಿಯ ಊರೂ ಇದೇ. ಗಜಾಲಿಯವರ ತಂದೆ ಉಣ್ಣೆ ನೂತು ಮಾರಿ ಜೀವಿಸುತ್ತಿದ್ದ ಬಡವರೆಂದು ಚರಿತ್ರಕಾರರು ಹೇಳುತ್ತಾರೆ. ತಾನು ಓದಲಿಲ್ಲವಲ್ಲ ಎಂಬ ಕೊರಗು ಆ ತಂದೆಗೆ ಇತ್ತು. ಸಾಯುವಾಗ ತನ್ನಲ್ಲಿದ್ದ ಅಲ್ಪಸ್ವಲ್ಪ ಹಣವನ್ನೂ, ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಸೂಫಿ ಗೆಳೆಯನ ವಶಕ್ಕೆ ಕೊಟ್ಟು, ಮಕ್ಕಳಿಗೆ ವಿದ್ಯೆ ಕಲಿಸಬೇಕೆಂದು ಬೇಡಿಕೊಂಡನು. ಹಣ ಮುಗಿದಾಗ ಆ ಗೆಳೆಯನು ಹುಡುಗರನ್ನು ಕರೆದು, ತಾನೂ ಬಡವನೆಂದೂ, ಊಟ ವಸತಿ ಸಿಗುವ ಮದ್ರಸಾಕ್ಕೆ ಸೇರಿಕೊಳ್ಳುವುದೇ ಒಳ್ಳೆಯದೆಂದೂ ತಿಳಿಸಿದನು. ಹೀಗೆ ಹೊಟ್ಟೆಯ ಪಾಡಿಗಾಗಿ ಮದ್ರಸಾ ಸೇರಿದ ಹುಡುಗರಿಬ್ಬರೂ ಮುಂದೆ ದೊಡ್ಡ ಹೆಸರು ಪಡೆದರು.

ಬಾಲಕ ಗಜಾಲಿ ತೂಸ್‌ನಲ್ಲಿ ಪ್ರಾಥಮಿಕ ಪಾಠಗಳನ್ನು ಮುಗಿಸಿ, ಹೆಚ್ಚಿನ ಓದಿಗಾಗಿ ಜುರ್ಜಾನ್ ಪಟ್ಟಣಕ್ಕೆ ಹೋದನು. ಅಲ್ಲಿಂದ ಹಿಂದಿರುಗುವಾಗ ನಡೆದ ಒಂದು ಪ್ರಸಂಗವನ್ನು ಹಿಂದಿನವರು ಬರೆದಿಟ್ಟಿದ್ದಾರೆ. ದಾರಿಯಲ್ಲಿ ಕಳ್ಳರು ಬಿದ್ದು ಎಲ್ಲವನ್ನೂ ದೋಚಿದರು. ಗುರುಗಳ ಪಾಠವನ್ನು ಬರೆದುಕೊಂಡಿದ್ದ ಹೊತ್ತಗೆಗಳ ಗಂಟೂ ಹೋಯಿತು. ಹುಡುಗನು ಕಳ್ಳರ ಹಿಂದೆ ಓಡಿ, ಬೇರೇನೂ ಬೇಡ, ತನ್ನ ಬರಹಗಳನ್ನು ಮಾತ್ರ ಕೊಡಿರೆಂದು ಅಂಗಲಾಚಿದನು. ಕಳ್ಳರ ನಾಯಕನು ನಕ್ಕುಬಿಟ್ಟನು. ಗಂಟು ಹೋದರೆ ವಿದ್ಯೆಯೂ ಹೋಗುವುದಾದರೆ ಅದೆಂತಹ ವಿದ್ಯೆ ಎಂದು ಹಂಗಿಸಿ, ಗಂಟನ್ನು ಎಸೆದು ಹೋದನು. ಆ ಮಾತು ಹುಡುಗನ ಮನಸ್ಸಿಗೆ ನಾಟಿತು. ಊರಿಗೆ ಬಂದವನೇ ಮೂರು ವರ್ಷ ಕುಳಿತು, ಬರೆದುಕೊಂಡಿದ್ದನ್ನೆಲ್ಲ ಬಾಯಿಪಾಠ ಮಾಡಿದನು.

ಮುಂದೆ ಗಜಾಲಿಯವರು ನಿಶಾಪುರಕ್ಕೆ ಹೋಗಿ, ಅಲ್ಲಿನ ನಿಜಾಮಿಯಾ ವಿದ್ಯಾಲಯದಲ್ಲಿ ಜುವೈನಿಯವರ ಶಿಷ್ಯರಾದರು. ಜುವೈನಿಯವರಿಗೆ ಎರಡು ಪುಣ್ಯಕ್ಷೇತ್ರಗಳ ಇಮಾಮರೆಂಬ ಬಿರುದಿತ್ತು. ಮಕ್ಕಾ ಮದೀನಾಗಳಲ್ಲಿ ಅವರು ಕೆಲವು ವರ್ಷ ಪಾಠ ಹೇಳಿದ್ದರಿಂದ ಆ ಬಿರುದು ಬಂತು. ಆದರೆ ಅವರು ಅಲ್ಲಿಗೆ ಹೋದದ್ದು ತಾವಾಗಿ ಅಲ್ಲ. ಅವರ ಪಂಥದವರನ್ನು ಮಸೀದಿಯ ಪೀಠಗಳಿಂದ ಶಪಿಸಬೇಕೆಂದು ಆಗಿನ ವಜೀರನು ಆಜ್ಞೆ ಮಾಡಿಸಿದ್ದನು. ಪ್ರಾಣಭಯದಿಂದ ಅವರು ಊರು ಬಿಡಬೇಕಾಯಿತು. ವಿದ್ವಾಂಸರು ಊರು ಬಿಡುವಷ್ಟು ದ್ವೇಷ ಬೆಳೆಯಲು ಕಾರಣವಾದ ವಾದಗಳಲ್ಲಿ ದೇವರ ವರ್ಣನೆಯನ್ನು ಕುರಿತ ವಾದವೂ ಒಂದು.

ಆ ವಾದವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ದೇವರು ಒಬ್ಬನೇ, ಅವನಿಗೆ ಸಮಾನವಾದುದು ಯಾವುದೂ ಇಲ್ಲ ಎಂಬುದು ಇಸ್ಲಾಂ ಧರ್ಮದ ತಳಹದಿ. ಕುರಾನಿನಲ್ಲಿ ಇದು ಸ್ಪಷ್ಟವಾಗಿದೆ. ಆದರೆ ಅದೇ ಕುರಾನಿನಲ್ಲಿ ದೇವರ ಕೈ, ಮುಖ, ಕಣ್ಣು ಎಂಬ ಶಬ್ದಗಳು ಬರುತ್ತವೆ. ಅವನು ಸಿಂಹಾಸನದ ಮೇಲೆ ನೆಲೆಗೊಂಡನೆಂಬ ವರ್ಣನೆಯೂ ಬರುತ್ತದೆ. ಪೈಗಂಬರರ ನುಡಿಗಳ ಸಂಗ್ರಹವಾದ ಹದೀಸುಗಳಲ್ಲಿ, ದೇವರು ರಾತ್ರಿಯ ಕೊನೆಯ ಭಾಗದಲ್ಲಿ ಕೆಳಗಿನ ಆಕಾಶಕ್ಕೆ ಇಳಿಯುವನೆಂದೂ, ಭಕ್ತನ ಹೃದಯವು ಅವನ ಎರಡು ಬೆರಳುಗಳ ನಡುವೆ ಇರುವುದೆಂದೂ ಬರುತ್ತದೆ. ಯಾವುದಕ್ಕೂ ಸಮಾನನಲ್ಲದವನಿಗೆ ಕೈ ಹೇಗೆ? ಎಲ್ಲೆಡೆಯನ್ನೂ ಬಲ್ಲವನು ಇಳಿಯುವುದೆಲ್ಲಿಂದ?

ಕೆಲವರು ಶಬ್ದಗಳನ್ನು ಇದ್ದ ಹಾಗೆಯೇ ಹಿಡಿದು, ದೇವರಿಗೆ ಒಂದು ಬಗೆಯ ದೇಹ ಉಂಟೆಂದೇ ಹೇಳಿದರು. ನಿಶಾಪುರದಲ್ಲಿ ಪ್ರಬಲರಾಗಿದ್ದ ಕರ್ರಾಮಿಯಾ ಪಂಥದವರು ಇಂಥವರು. ಇದಕ್ಕೆ ತೀರ ವಿರುದ್ಧವಾಗಿ ಮುತಜಿಲಾ ಪಂಡಿತರು, ಕೈ ಎಂದರೆ ಶಕ್ತಿ ಅಥವಾ ಕೃಪೆ ಎಂದು ಅರ್ಥಮಾಡಬೇಕೆಂದು ವಾದಿಸಿದರು. ಒಂಬತ್ತನೆಯ ಶತಮಾನದಲ್ಲಿ ಇಮಾಮ್ ಅಹ್ಮದ್ ಬಿನ್ ಹಂಬಲ್ ಅವರು ಬೇರೆ ದಾರಿ ಹಿಡಿದರು. ಗ್ರಂಥದಲ್ಲಿ ಹೇಳಿದ್ದನ್ನು ನಂಬಬೇಕು, ಹೇಗೆ ಎಂದು ಕೇಳಬಾರದು, ಸೃಷ್ಟಿಯ ಯಾವ ವಸ್ತುವಿಗೂ ಹೋಲಿಸಬಾರದು ಎಂಬುದು ಅವರ ನಿಲುವು. ಹತ್ತನೆಯ ಶತಮಾನದಲ್ಲಿ ತೀರಿಕೊಂಡ ಅಶ್‌ಅರಿಯವರು ಮೊದಲು ಮುತಜಿಲಾ ಪಂಥದಲ್ಲಿದ್ದು, ನಂತರ ಅದನ್ನು ಬಿಟ್ಟು, ಅಹ್ಮದರ ನಂಬಿಕೆಯನ್ನು ತರ್ಕದ ಬಲದಿಂದ ಸಮರ್ಥಿಸಲು ಹೊರಟರು. ಜುವೈನಿಯವರೂ ಗಜಾಲಿಯವರೂ ಈ ಅಶ್‌ಅರಿ ಪಂಥದವರು. ಕಾಲ ಕಳೆದಂತೆ ಈ ಪಂಥದವರೂ ಕೆಲವು ಕಡೆ ಲಾಕ್ಷಣಿಕ ಅರ್ಥವನ್ನು ಒಪ್ಪಿಕೊಂಡರು. ಹಂಬಲಿಯರಿಗೆ ಅದು ಸರಿಬೀಳಲಿಲ್ಲ.

ಇದು ಪಂಡಿತರ ಮನೆಯ ಜಗಳವಾಗಿ ಉಳಿಯಲಿಲ್ಲ. 1077ರಲ್ಲಿ ನಿಶಾಪುರದ ಒಬ್ಬ ಅಶ್‌ಅರಿ ಉಪದೇಶಕರು, ಅಬೂ ನಸ್ರ್ ಕುಶೈರಿ ಎಂಬವರು, ಬಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಉಪನ್ಯಾಸ ಮಾಡುತ್ತ, ಹಂಬಲಿಯರು ದೇವರಿಗೆ ದೇಹ ಕಲ್ಪಿಸುತ್ತಾರೆಂದು ಆರೋಪಿಸಿದರು. ಬೀದಿಗಳಲ್ಲಿ ಗಲಭೆ ಎದ್ದಿತು, ಕೆಲವರು ಸತ್ತರು. ಕೊನೆಗೆ ವಜೀರ ನಿಜಾಮುಲ್ ಮುಲ್ಕನು ಆ ಉಪದೇಶಕರನ್ನು ಬಗ್ದಾದಿನಿಂದ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಆಗ ಗಜಾಲಿಯವರಿಗೆ ಸುಮಾರು ಹತ್ತೊಂಬತ್ತು ವರ್ಷ.

1085ರಲ್ಲಿ ಗುರು ಜುವೈನಿಯವರು ತೀರಿಕೊಂಡ ಮೇಲೆ ಗಜಾಲಿಯವರು ಅದೇ ನಿಜಾಮುಲ್ ಮುಲ್ಕನ ಆಸ್ಥಾನವನ್ನು ಸೇರಿದರು. ಸೆಲ್ಜುಕ್ ಸುಲ್ತಾನರ ಈ ವಜೀರನು ಊರೂರಿಗೆ ವಿದ್ಯಾಲಯಗಳನ್ನು ಕಟ್ಟಿಸಿದವನು. ಆಸ್ಥಾನದ ವಾದಸಭೆಗಳಲ್ಲಿ ಗಜಾಲಿಯವರಿಗೆ ಎದುರು ನಿಲ್ಲುವವರೇ ಇಲ್ಲವಾಯಿತು. 1091ರಲ್ಲಿ ವಜೀರನು ಅವರನ್ನು ಬಗ್ದಾದಿನ ನಿಜಾಮಿಯಾದ ಆಚಾರ್ಯಪೀಠಕ್ಕೆ ನೇಮಿಸಿದನು. ಮೂವತ್ತಮೂರರ ಹರೆಯದಲ್ಲಿ ಇಂತಹ ಪದವಿ! ಮುನ್ನೂರು ವಿದ್ಯಾರ್ಥಿಗಳು ಅವರ ಪಾಠ ಕೇಳುತ್ತಿದ್ದರು. ಪಾಠ ಬರಹಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಯಾವ ಗುರುವಿನ ನೆರವೂ ಇಲ್ಲದೆ, ಅವರು ಗ್ರೀಕ್ ಮೂಲದ ತತ್ತ್ವಜ್ಞಾನವನ್ನು ಓದಿದರು. ಮೊದಲು ತತ್ತ್ವಜ್ಞಾನಿಗಳು ಏನು ಹೇಳುತ್ತಾರೆಂದು ತಿಳಿದುಕೊಂಡು, ಆ ಮೇಲೆ ಇಪ್ಪತ್ತು ವಿಷಯಗಳಲ್ಲಿ ಅವರನ್ನು ಖಂಡಿಸಿ ಒಂದು ಪ್ರಸಿದ್ಧ ಗ್ರಂಥವನ್ನು ಬರೆದರು. ಅದರ ಹೆಸರು ತಹಾಫುತುಲ್ ಫಲಾಸಿಫಾ. ಎದುರಾಳಿಯ ಮಾತನ್ನು ಪೂರ್ತಿ ತಿಳಿಯದೆ ಖಂಡಿಸುವುದು ಕುರುಡನ ಕಲ್ಲೆಸೆತವೆಂದು ಅವರು ಭಾವಿಸಿದ್ದರು.

ಆದರೆ ಈ ಗ್ರಂಥದ ಕೊನೆಯಲ್ಲಿ ಅವರು ಕಠಿನವಾದ ಒಂದು ತೀರ್ಪನ್ನೂ ಕೊಟ್ಟರು. ಜಗತ್ತು ಅನಾದಿಯೆಂದು, ದೇವರಿಗೆ ಬಿಡಿ ಬಿಡಿ ಸಂಗತಿಗಳ ಅರಿವಿಲ್ಲವೆಂದು, ಸತ್ತವರು ದೇಹಸಹಿತ ಏಳುವುದಿಲ್ಲವೆಂದು ಹೇಳುವವರು ಧರ್ಮದಿಂದ ಹೊರಗಾದವರೆಂದು ಸಾರಿದರು. ಧರ್ಮದಿಂದ ಹೊರಗಾದವರಿಗೆ ಆ ಕಾಲದ ಕಾನೂನಿನಲ್ಲಿ ಮರಣದಂಡನೆ ಇತ್ತು. ತೀರ್ಪು ಎಷ್ಟು ಭಾರವಾದುದೆಂಬುದು ಇದರಿಂದ ತಿಳಿಯುತ್ತದೆ. ಅವರ ಜೀವನವನ್ನು ಬರೆಯುವಾಗ ಇದನ್ನು ಮರೆಮಾಚುವುದು ಸರಿಯಲ್ಲ.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1092ರಲ್ಲಿ ನಿಜಾಮುಲ್ ಮುಲ್ಕನ ಕೊಲೆಯಾಯಿತು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಶಾಹನೂ ಸತ್ತನು. ಸಿಂಹಾಸನಕ್ಕಾಗಿ ಹೊಡೆದಾಟ ಮೊದಲಾಯಿತು. ಗಜಾಲಿಯವರ ಮನಸ್ಸಿನಲ್ಲಿಯೂ ಅದಕ್ಕಿಂತ ದೊಡ್ಡ ಹೋರಾಟ ನಡೆದಿತ್ತು. ತಾನು ಪಾಠ ಹೇಳುವುದು ದೇವರಿಗಾಗಿಯೋ, ಕೀರ್ತಿಗಾಗಿಯೋ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಕೀರ್ತಿಗಾಗಿ ಎಂಬ ಉತ್ತರವೇ ಬಂತು. 1095ರ ಬೇಸಗೆಯಿಂದ ಸುಮಾರು ಆರು ತಿಂಗಳು ಅವರು ಹೊಯ್ದಾಡಿದರು. ಬೆಳಿಗ್ಗೆ ಎಲ್ಲವನ್ನೂ ಬಿಟ್ಟು ಹೊರಡುವ ನಿಶ್ಚಯ, ಸಂಜೆಗೆ ಪದವಿಯ ಆಸೆ. ಒಂದು ದಿನ ಪಾಠಕ್ಕೆ ಕುಳಿತಾಗ ನಾಲಿಗೆಯೇ ಕಟ್ಟಿಹೋಯಿತು. ಒಂದು ಶಬ್ದವೂ ಹೊರಡಲಿಲ್ಲ. ಅನ್ನ ಇಳಿಯಲಿಲ್ಲ, ನೀರು ರುಚಿಸಲಿಲ್ಲ. ವೈದ್ಯರು ಪರೀಕ್ಷಿಸಿ, ಇದು ಮನಸ್ಸಿನಿಂದ ಹುಟ್ಟಿದ ರೋಗ, ನಮ್ಮ ಮದ್ದಿಗೆ ಬಗ್ಗುವುದಿಲ್ಲವೆಂದು ಕೈಚೆಲ್ಲಿದರು.

ಕೊನೆಗೆ ಅದೇ ವರ್ಷದ ನವೆಂಬರಿನಲ್ಲಿ ಅವರು ಮಕ್ಕಾ ಯಾತ್ರೆಗೆ ಹೋಗುವುದಾಗಿ ಹೇಳಿ ಬಗ್ದಾದನ್ನು ಬಿಟ್ಟರು. ಮಕ್ಕಳ ಜೀವನಕ್ಕೆ ಬೇಕಾದಷ್ಟನ್ನು ಇರಿಸಿ ಉಳಿದ ಸಂಪತ್ತನ್ನು ಹಂಚಿಬಿಟ್ಟರು. ಪಾಠಪೀಠವನ್ನು ತಮ್ಮ ಅಹ್ಮದನಿಗೆ ಒಪ್ಪಿಸಿದರು. ದಮಾಸ್ಕಸ್ ನಗರದ ದೊಡ್ಡ ಮಸೀದಿಯ ಮಿನಾರಿನಲ್ಲಿ ಬಾಗಿಲು ಹಾಕಿಕೊಂಡು ಹಗಲೆಲ್ಲ ಧ್ಯಾನ ಮಾಡುತ್ತಿದ್ದರು. ಅಲ್ಲಿಂದ ಜೆರುಸಲೇಮಿಗೂ, ಹೆಬ್ರಾನಿನಲ್ಲಿರುವ ಪ್ರವಾದಿ ಇಬ್ರಾಹೀಮರ ಸಮಾಧಿಗೂ ಹೋದರು. ಆ ಸಮಾಧಿಯ ಮುಂದೆ ಮೂರು ಪ್ರತಿಜ್ಞೆ ಮಾಡಿದರು. ಯಾವ ಅರಸನ ಬಳಿಗೂ ಹೋಗುವುದಿಲ್ಲ, ಅರಸರ ಹಣವನ್ನು ಮುಟ್ಟುವುದಿಲ್ಲ, ಯಾರೊಡನೆಯೂ ವಾದಕ್ಕೆ ನಿಲ್ಲುವುದಿಲ್ಲ. ವಾದದಿಂದಲೇ ಕೀರ್ತಿ ಪಡೆದವರು ವಾದವನ್ನೇ ಬಿಟ್ಟರು! ಬಳಿಕ ಮಕ್ಕಾ ಯಾತ್ರೆಯನ್ನು ಪೂರೈಸಿ, ಕೆಲವು ಕಾಲದ ಮೇಲೆ ಹುಟ್ಟೂರಾದ ತೂಸ್‌ಗೆ ಮರಳಿದರು. ಈ ವರ್ಷಗಳಲ್ಲಿ ರಚಿತವಾದುದೇ ಇಹ್ಯಾ ಉಲೂಮುದ್ದೀನ್ ಎಂಬ ಮಹಾಗ್ರಂಥ. ನಾಲ್ಕು ಭಾಗ, ನಲವತ್ತು ಪುಸ್ತಕಗಳ ಈ ಗ್ರಂಥದಲ್ಲಿ ಪ್ರಾರ್ಥನೆಯಿಂದ ಹಿಡಿದು ಊಟದ ರೀತಿಯವರೆಗೆ, ಕೋಪದಿಂದ ಹಿಡಿದು ಮರಣದ ಸ್ಮರಣೆಯವರೆಗೆ ಎಲ್ಲವೂ ಇದೆ. ಇದರ ಸಾರವನ್ನು ತಮ್ಮ ನಾಡಿನ ಜನರಿಗಾಗಿ ಪಾರಸಿ ಭಾಷೆಯಲ್ಲಿ ಕೀಮಿಯಾಯೆ ಸಆದತ್ ಎಂಬ ಹೆಸರಿನಿಂದ ಬರೆದರು. ಮುಂದೆ ನಮ್ಮ ದೇಶದ ಅಕ್ಬರ್ ಬಾದಶಹನ ಮುಂದೆ ಓದಲಾಗುತ್ತಿದ್ದ ಪುಸ್ತಕಗಳಲ್ಲಿ ಇದೂ ಒಂದು.

1106ರಲ್ಲಿ ನಿಜಾಮುಲ್ ಮುಲ್ಕನ ಮಗನಾದ ವಜೀರನ ಒತ್ತಾಯಕ್ಕೆ ಮಣಿದು ಗಜಾಲಿಯವರು ನಿಶಾಪುರದಲ್ಲಿ ಮತ್ತೆ ಪಾಠ ಹೇಳಬೇಕಾಯಿತು. ಕೂಡಲೇ ವಿರೋಧಿಗಳು ಎದ್ದರು. ಅವರ ಪುಸ್ತಕಗಳಲ್ಲಿ ಅಶ್‌ಅರಿಯವರ ಮತಕ್ಕೆ ಹೊಂದದ ಮಾತುಗಳಿವೆ, ಅವರು ಧರ್ಮಭ್ರಷ್ಟರು ಎಂದು ದೂರಿದರು. ಬೇರೆಯವರ ಮೇಲೆ ಅಂತಹ ತೀರ್ಪು ಕೊಟ್ಟಿದ್ದವರ ತಲೆಯ ಮೇಲೆಯೇ ಈಗ ಅದೇ ಆರೋಪ ಬಂತು. ದೂರದ ಸ್ಪೇನ್ ದೇಶದ ಕಾರ್ಡೋವಾದಲ್ಲಿ 1109ರ ಸುಮಾರಿಗೆ ಅವರ ಇಹ್ಯಾ ಗ್ರಂಥವನ್ನು ಬಹಿರಂಗವಾಗಿ ಸುಟ್ಟರು.

ತಮ್ಮ ಮೇಲಿನ ದೂರುಗಳಿಂದ ನೊಂದ ಒಬ್ಬ ಗೆಳೆಯನಿಗೆ ಸಮಾಧಾನ ಹೇಳುವ ರೂಪದಲ್ಲಿ ಗಜಾಲಿಯವರು ಫೈಸಲುತ್ ತಫ್ರಿಕಾ ಎಂಬ ಚಿಕ್ಕ ಪುಸ್ತಕವನ್ನು ಬರೆದರು. ಯಾರನ್ನು ಧರ್ಮದಿಂದ ಹೊರಗಿನವನೆನ್ನಬಹುದು, ಯಾರನ್ನು ಎನ್ನಬಾರದು ಎಂಬುದೇ ಅದರ ವಿಷಯ. ಒಂದು ವಸ್ತುವಿಗೆ ಐದು ಬಗೆಯ ಇರವು ಉಂಟೆಂದು ಅವರು ಅದರಲ್ಲಿ ವಿವರಿಸುತ್ತಾರೆ. ಮೊದಲನೆಯದು ಹೊರಗೆ ನಿಜವಾಗಿ ಇರುವುದು, ಭೂಮಿ ಆಕಾಶಗಳಂತೆ. ಎರಡನೆಯದು ಇಂದ್ರಿಯಕ್ಕೆ ಮಾತ್ರ ತೋರುವುದು. ಉರಿಯುವ ಕೊಳ್ಳಿಯನ್ನು ಗರಗರನೆ ತಿರುಗಿಸಿದರೆ ಬೆಂಕಿಯ ಚಕ್ರ ಕಾಣುತ್ತದೆ, ಆದರೆ ಚಕ್ರ ಅಲ್ಲಿಲ್ಲ. ಮೂರನೆಯದು ಕಲ್ಪನೆಯಲ್ಲಿ ಇರುವುದು. ಕಣ್ಣು ಮುಚ್ಚಿಕೊಂಡು ಆನೆಯನ್ನು ನೆನೆದರೆ ಮನಸ್ಸಿನಲ್ಲಿ ಆನೆ ಮೂಡುತ್ತದೆ. ನಾಲ್ಕನೆಯದು ಬುದ್ಧಿಗೆ ಮಾತ್ರ ಗೋಚರವಾಗುವ ತಿರುಳು. ಕೈಯ ಆಕಾರವನ್ನು ಬಿಟ್ಟು ನೋಡಿದರೆ, ಹಿಡಿಯುವ, ಕೊಡುವ, ತಡೆಯುವ ಸಾಮರ್ಥ್ಯವೇ ಅದರ ತಿರುಳು. ಐದನೆಯದು ಸಾದೃಶ್ಯ. ಮನುಷ್ಯನಿಗೆ ಕೋಪ ಬಂದರೆ ರಕ್ತ ಕುದಿಯುತ್ತದೆ. ದೇವರಲ್ಲಿ ಅಂಥದು ಇಲ್ಲ. ಆದರೂ ಕೋಪದಿಂದ ಆಗುವ ಫಲವನ್ನು ಹೋಲುವ ಫಲವು ಅವನಿಂದ ಉಂಟಾಗುವುದರಿಂದ ದೇವರ ಕೋಪ ಎನ್ನುತ್ತಾರೆ.

ಮೊದಲ ಅರ್ಥ ಹೊಂದುವುದಿಲ್ಲವೆಂದು ಗಟ್ಟಿಯಾದ ಪ್ರಮಾಣ ಸಿಕ್ಕರೆ ಮಾತ್ರ ಎರಡನೆಯದಕ್ಕೆ ಹೋಗಬೇಕು. ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ಪೈಗಂಬರರ ಮಾತನ್ನು ಈ ಐದರಲ್ಲಿ ಯಾವುದೇ ಒಂದು ಅರ್ಥದಲ್ಲಿ ನಿಜವೆಂದು ಒಪ್ಪಿದವನು ಅವರನ್ನು ಸುಳ್ಳುಗಾರರೆಂದು ಹೇಳಿದಂತಾಗಲಿಲ್ಲ. ಆದ್ದರಿಂದ ಅವನನ್ನು ಧರ್ಮದಿಂದ ಹೊರಗೆ ಹಾಕಬಾರದು. ಯಾವುದು ಪ್ರಮಾಣ, ಯಾವುದು ಅಲ್ಲ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯ ಬಂದರೆ, ಅದು ತಪ್ಪು ಸರಿಗಳ ಮಾತೇ ಹೊರತು ನಂಬಿಕೆ ಅಪನಂಬಿಕೆಗಳ ಮಾತಲ್ಲ. ಶಬ್ದವನ್ನು ಹಿಡಿದು ನಿಂತ ಹಂಬಲಿಯರೂ ಕೂಡ ಕೆಲವು ವಾಕ್ಯಗಳಿಗೆ ಬೇರೆ ಅರ್ಥ ಮಾಡಲೇಬೇಕಾಯಿತೆಂದು ಗಜಾಲಿಯವರು ನೆನಪಿಸುತ್ತಾರೆ. ಸ್ವತಃ ಇಮಾಮ್ ಅಹ್ಮದರೇ ಮೂರು ಹದೀಸುಗಳಿಗೆ ಹಾಗೆ ಅರ್ಥ ಹೇಳಿದ್ದರೆಂದು ಬಗ್ದಾದಿನ ಹಂಬಲಿ ವಿದ್ವಾಂಸರಿಂದ ತಾವು ಕೇಳಿದ್ದಾಗಿ ಬರೆಯುತ್ತಾರೆ. ಎಲ್ಲರೂ ಎಲ್ಲಿಯೋ ಒಂದು ಕಡೆ ಅರ್ಥವಿವರಣೆ ಮಾಡುವವರೇ ಆದ ಮೇಲೆ ಒಬ್ಬರನ್ನೊಬ್ಬರು ಶಪಿಸುವುದೇಕೆ? ತರ್ಕಶಾಸ್ತ್ರ ತಿಳಿಯದ ಸಾಮಾನ್ಯರ ನಂಬಿಕೆ ನಂಬಿಕೆಯೇ ಅಲ್ಲವೆನ್ನುವ ಪಂಡಿತರು ದೇವರ ವಿಶಾಲವಾದ ಕರುಣೆಯನ್ನು ಕಿರಿದುಗೊಳಿಸುತ್ತಾರೆಂದೂ ಅವರು ಎಚ್ಚರಿಸುತ್ತಾರೆ. ಪೈಗಂಬರರ ವಿಚಾರ ಕಿವಿಗೇ ಬೀಳದ ದೂರದೇಶದ ಕ್ರೈಸ್ತರಿಗೂ ತುರುಕರಿಗೂ ಆ ಕರುಣೆ ದೊರೆಯುವುದೆಂದು ಅವರು ಬರೆದರು.

ಅವರ ಕೊನೆಯ ಪುಸ್ತಕದ ಹೆಸರು ಇಲ್ಜಾಮುಲ್ ಅವಾಮ್. ಸಾಮಾನ್ಯ ಜನರಿಗೆ ತರ್ಕವಾದದಿಂದ ಕಡಿವಾಣ ಎಂದು ಇದರ ಭಾವ. ದೇವರ ಕೈ ಎಂಬ ಮಾತು ಕಿವಿಗೆ ಬಿದ್ದಾಗ ಸಾಮಾನ್ಯನು ಏನು ಮಾಡಬೇಕೆಂದು ಇದರಲ್ಲಿ ಏಳು ಕರ್ತವ್ಯಗಳನ್ನು ಹೇಳಿದ್ದಾರೆ. ದೇವರು ರಕ್ತಮಾಂಸಗಳ ದೇಹವಲ್ಲವೆಂದು ಮೊದಲು ಖಚಿತವಾಗಿ ತಿಳಿಯಬೇಕು. ಹೇಳಿದ ಮಾತು ಸತ್ಯವೆಂದು ನಂಬಬೇಕು. ಅದರ ನಿಜಾರ್ಥವನ್ನು ಅರಿಯುವ ಶಕ್ತಿ ತನಗಿಲ್ಲವೆಂದು ಒಪ್ಪಿಕೊಳ್ಳಬೇಕು. ಅದನ್ನು ಕೆದಕಿ ಕೇಳಬಾರದು. ಶಬ್ದವನ್ನು ಬದಲಾಯಿಸಬಾರದು. ಮನಸ್ಸಿನಲ್ಲಿಯೂ ಅದರ ಬೆನ್ನು ಹತ್ತಬಾರದು. ಬಲ್ಲವರಿಗೆ ಬಿಟ್ಟುಕೊಡಬೇಕು. ಈಜು ಬಾರದವನು ಸಮುದ್ರಕ್ಕೆ ಇಳಿಯಬಾರದೆಂಬ ಹಾಗೆ. ಸಾಮಾನ್ಯರೆಂದರೆ ಓದುಬರಹ ಬಾರದವರೆಂದು ನಾವು ತಿಳಿಯುತ್ತೇವೆ. ಆದರೆ ಗಜಾಲಿಯವರು ಸಾಹಿತಿಗಳನ್ನೂ, ವ್ಯಾಕರಣ ಪಂಡಿತರನ್ನೂ, ನ್ಯಾಯಶಾಸ್ತ್ರಿಗಳನ್ನೂ, ವಾದಪ್ರವೀಣರನ್ನೂ ಈ ಸಾಮಾನ್ಯರ ಸಾಲಿನಲ್ಲಿಯೇ ಕೂರಿಸಿದ್ದಾರೆ. ಕಡಿವಾಣ ಎಲ್ಲರಿಗಿಂತ ಮೊದಲು ಬೇಕಾದದ್ದು ಜನರನ್ನು ಕೆರಳಿಸುವ ಪಂಡಿತರಿಗೆ.

ಈ ಪುಸ್ತಕದಲ್ಲಿ ಅವರು ಕೊಡುವ ಉದಾಹರಣೆಗಳು ಬಹು ಸರಳವಾಗಿವೆ. ಈ ಊರು ಅಮೀರನ ಕೈಯಲ್ಲಿದೆ ಎನ್ನುತ್ತೇವೆ. ಅಮೀರನ ಎರಡು ಕೈಗಳೂ ಕತ್ತರಿಸಿ ಹೋಗಿದ್ದರೂ ಆ ಮಾತು ಸುಳ್ಳಾಗುವುದಿಲ್ಲ. ದೇವರು ದನಕರುಗಳನ್ನು ಇಳಿಸಿದನೆಂದು ಕುರಾನಿನಲ್ಲಿದೆ. ಒಂಟೆ ಆಕಾಶದಿಂದ ಇಳಿದದ್ದನ್ನು ಕಂಡವರು ಯಾರೂ ಇಲ್ಲ. ಹಾಗಾದರೆ ಇಳಿಯುವುದೆಂದರೆ ಮೇಲಿನಿಂದ ಕೆಳಕ್ಕೆ ಬರುವುದೊಂದೇ ಅಲ್ಲ.

ಶಬ್ದವನ್ನು ಬದಲಾಯಿಸಬಾರದೆಂಬಲ್ಲಿ ಅವರು ಭಾಷಾಂತರದ ವಿಚಾರವನ್ನೂ ಎತ್ತುತ್ತಾರೆ. ಅವರ ನಾಡಿನ ಭಾಷೆ ಪಾರಸಿ, ಶಾಸ್ತ್ರದ ಭಾಷೆ ಅರಬ್ಬಿ. ಬೆರಳು ಎಂಬ ಅರಬ್ಬಿ ಶಬ್ದಕ್ಕೆ ಉಪಕಾರ ಎಂಬ ಲಾಕ್ಷಣಿಕ ಅರ್ಥ ಉಂಟು. ಪಾರಸಿಯ ಬೆರಳಿಗೆ ಆ ಅರ್ಥವಿಲ್ಲ. ಶಬ್ದಕ್ಕೆ ಶಬ್ದ ಇಟ್ಟರೆ ಪಾರಸಿಯವನ ಕಣ್ಣಿಗೆ ಬರಿಯ ಮಾಂಸದ ಬೆರಳೇ ಕಾಣುತ್ತದೆ. ಗಡಿನಾಡಿನಲ್ಲಿ ಎರಡು ಭಾಷೆಗಳ ನಡುವೆ ಬೆಳೆಯುವ ನಮಗೆ ಇದು ಚೆನ್ನಾಗಿ ತಿಳಿಯುತ್ತದೆ. ಮರಾಠಿಯಲ್ಲಿ ಹಾತ್ ದಿಲಾ ಎಂದರೆ ನೆರವಾದನೆಂದು ಅರ್ಥ. ಅದನ್ನೇ ಕನ್ನಡಕ್ಕೆ ತಿರುಗಿಸಿ ಕೈಕೊಟ್ಟ ಎಂದರೆ ನಂಬಿಸಿ ಮೋಸಮಾಡಿದನೆಂದಾಗುತ್ತದೆ. ಉಪಕಾರ ಮಾಡಿದವನು ಒಂದು ಶಬ್ದದಿಂದ ಮೋಸಗಾರನಾಗಿಬಿಡುತ್ತಾನೆ! ಈ ಲೇಖನದ ಮೊದಲಲ್ಲಿ ಗಜಾಲಿಯವರದು ಎತ್ತಿದ ಕೈ ಎಂದು ಬರೆದೆನು. ಅವರು ಕೈ ಮೇಲೆತ್ತಿ ನಿಂತಿದ್ದರೆಂದು ಓದುಗರಲ್ಲಿ ಯಾರೂ ತಿಳಿದಿರಲಾರರು. ಮನುಷ್ಯನ ವಿಷಯದಲ್ಲಿಯೇ ಶಬ್ದದ ಆಚೆ ನೋಡಬೇಕಾದರೆ, ದೇವರ ವಿಷಯದಲ್ಲಿ ಎಷ್ಟು ಎಚ್ಚರ ಬೇಕು!

ಈ ಪುಸ್ತಕವನ್ನು ಮುಗಿಸಿದ ಕೆಲವೇ ದಿನಗಳಲ್ಲಿ, 1111ರ ಡಿಸೆಂಬರ್ 18ರಂದು, ಗಜಾಲಿಯವರು ತೂಸ್‌ನಲ್ಲಿ ತೀರಿಕೊಂಡರು. ಆ ಸೋಮವಾರ ಬೆಳಿಗ್ಗೆ ಕೈಕಾಲು ತೊಳೆದು ಪ್ರಾರ್ಥನೆ ಮಾಡಿ, ತಮ್ಮ ಕಫನದ ಬಟ್ಟೆಯನ್ನು ತರಿಸಿ ಕಣ್ಣಿಗೊತ್ತಿಕೊಂಡು, ದೊರೆಯ ಅಪ್ಪಣೆಗೆ ಸಿದ್ಧನಿರುವುದಾಗಿ ಹೇಳಿ, ಮಕ್ಕಾದ ಕಡೆಗೆ ಮುಖಮಾಡಿ ಮಲಗಿದರೆಂದು ತಮ್ಮ ಅಹ್ಮದನು ತಿಳಿಸಿದ್ದಾಗಿ ಹಿಂದಿನವರು ಬರೆದಿದ್ದಾರೆ.

ಅವರೊಡನೆ ವಾದ ಮುಗಿಯಲಿಲ್ಲ. ಸ್ಪೇನಿನ ತತ್ತ್ವಜ್ಞಾನಿ ಇಬ್ನ್ ರುಶ್ದ್ (1126-1198) ಅವರ ಖಂಡನಗ್ರಂಥವನ್ನೇ ಖಂಡಿಸಿ ಬರೆದರು. ದಮಾಸ್ಕಸ್ಸಿನ ಇಬ್ನ್ ತೈಮಿಯಾ (1263-1328) ಅವರು ದೇವರ ಗುಣಗಳಿಗೆ ಲಾಕ್ಷಣಿಕ ಅರ್ಥ ಮಾಡುವುದನ್ನೇ ವಿರೋಧಿಸಿದರು. ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ಗ್ರಂಥದಿಂದ ಖಂಡಿಸುವುದರಿಂದ ವಿದ್ಯೆ ಬೆಳೆಯಿತು. ಬೀದಿಯ ಗಲಭೆಯಿಂದ ಯಾವ ಶಬ್ದದ ಅರ್ಥವೂ ಯಾರಿಗೂ ತಿಳಿಯಲಿಲ್ಲ.

ಗಜಾಲಿಯವರು ದೋಷವೇ ಇಲ್ಲದ ಮನುಷ್ಯರಲ್ಲ. ಹರೆಯದಲ್ಲಿ ಅವರು ಕೊಟ್ಟ ಕಠಿನ ತೀರ್ಪನ್ನು ಕೊನೆಯವರೆಗೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆದರೂ ಪ್ರಮಾಣವಿಲ್ಲದೆ ಇನ್ನೊಬ್ಬನ ನಂಬಿಕೆಯನ್ನು ಅಳೆಯಬಾರದೆಂಬ ನಿಯಮವನ್ನು ಅವರಷ್ಟು ಸ್ಪಷ್ಟವಾಗಿ ಹೇಳಿದವರು ಆ ಕಾಲದಲ್ಲಿ ವಿರಳ. ಕಳ್ಳನ ಮಾತಿನಿಂದ ವಿದ್ಯೆಯನ್ನು ಎದೆಯಲ್ಲಿ ಇರಿಸಿಕೊಳ್ಳಲು ಕಲಿತ ಹುಡುಗನು, ಕೊನೆಗೆ ವಿದ್ಯೆಗೂ ಒಂದು ಮೇರೆ ಉಂಟೆಂದು ತಿಳಿದು ಕಣ್ಣುಮುಚ್ಚಿದನು. ತಿಳಿದದ್ದನ್ನು ತಿಳಿದೆನೆಂದೂ, ತಿಳಿಯದ್ದನ್ನು ತಿಳಿಯೆನೆಂದೂ ಹೇಳುವ ಧೈರ್ಯವನ್ನು ವಿದ್ಯಾರ್ಥಿಗಳಾದ ನಾವು ಅವರ ಜೀವನದಿಂದ ಕಲಿಯಬಹುದು.